ಕಲ್ಲು ಯಾವುದು ಎಂದು ಮೊದಲು ಕೇಳಿ

ವಿಜಯಪುರದ ಗಾಂಧಿ ಚೌಕಕ್ಕೆ ಸಂತೆಗೋ ಕಚೇರಿ ಕೆಲಸಕ್ಕೋ ಬಂದ ಹಳ್ಳಿಯವರು ನನ್ನನ್ನು ಕಂಡರೆ ಮೊದಲೆಲ್ಲ ಸವುಳು, ಫ್ಲೋರೈಡ್ ಬಗ್ಗೆ ವಿಚಾರಿಸುತ್ತಿದ್ದರು. ಈಗ ಕೇಳುವುದೇ ಬೇರೆ: "ಸರ, ನಮ್ಮ ಬೋರಿನ್ಯಾಗ ಯುರೇನಿಯಂ ಐತೇನ್ರಿ?" ಕೋಲಾರ, ಚಿಕ್ಕಬಳ್ಳಾಪುರದ ಸುದ್ದಿ ಇಲ್ಲಿಗೂ ಬಂದಿದೆ. ಪ್ರಶ್ನೆ ನ್ಯಾಯವಾದದ್ದೇ. ನೀರು ಪರೀಕ್ಷೆಯ ಕೆಲಸದಲ್ಲಿ ಕಲಿತದ್ದನ್ನು ಅಂಥವರಿಗಾಗಿಯೇ ಬರೆಯುತ್ತಿದ್ದೇನೆ.

1. ನೀರು ಎಲ್ಲಿಯದು, ಅದರ ಕೆಳಗಿನ ಕಲ್ಲು ಯಾವುದು ಎಂಬುದು ಮೊದಲು ಗೊತ್ತಾಗಬೇಕು. ನಗರದ ನಳಕ್ಕೆ ಬರುವುದು ಹೆಚ್ಚಾಗಿ ಕೊಲ್ಹಾರದಿಂದ ಎತ್ತಿದ ಕೃಷ್ಣೆಯ ನೀರು. ಭೂತನಾಳ ಕೆರೆಯದೂ ಉಂಟು. ಹರಿಯುವ ನೀರಿಗೆ ಕಲ್ಲಿನೊಳಗೆ ವರ್ಷಗಟ್ಟಲೆ ಕೂತು ಯುರೇನಿಯಂ ಕರಗಿಸಿಕೊಳ್ಳುವ ಅವಕಾಶ ಕಡಿಮೆ. ತಿಕೋಟಾ, ಬಬಲೇಶ್ವರದ ಬೋರುಗಳು ಇಳಿದಿರುವುದು ಕರಿಕಲ್ಲಿಗೆ, ಅಂದರೆ ಲಾವಾ ಆರಿ ಆದ ಬಸಾಲ್ಟಿಗೆ. ಅದರಲ್ಲಿ ಯುರೇನಿಯಂ ಹತ್ತು ಲಕ್ಷಕ್ಕೆ ಒಂದು ಪಾಲೂ ಸಾಮಾನ್ಯವಾಗಿ ಇರುವುದಿಲ್ಲ. ಗ್ರಾನೈಟಿನಲ್ಲಿ ಮೂರ್ನಾಲ್ಕು ಪಾಲು, ಕೆಲವೆಡೆ ಇನ್ನೂ ಹೆಚ್ಚು. ಈ ಎರಡು ತಾಲೂಕಿನವರು ಯುರೇನಿಯಂಗಿಂತ ಮೊದಲು ನೈಟ್ರೇಟು, ಫ್ಲೋರೈಡು, ಸವುಳಿನ ಚಿಂತೆ ಮಾಡಬೇಕು.

2. ಆದರೆ ಇದೇ ಮಾತನ್ನು ಇಡೀ ಜಿಲ್ಲೆಗೆ ಹೇಳಲಾರೆ. ಆಗ್ನೇಯಕ್ಕೆ ಹೋದಂತೆ ಕರಿಕಲ್ಲಿನ ಪದರ ತೆಳುವಾಗುತ್ತದೆ. ತಾಳಿಕೋಟೆಯಲ್ಲಿ ಸುಣ್ಣದಕಲ್ಲು, ಮುದ್ದೇಬಿಹಾಳದ ಕಡೆ ಗ್ರಾನೈಟು ಮೇಲೆ ಬರುತ್ತವೆ. ತಾಳಿಕೋಟೆಯ ಸುಣ್ಣದಕಲ್ಲು ಭೀಮಾ ಜಲಾನಯನದ ಬಂಡೆಗಳ ಸಾಲಿಗೆ ಸೇರಿದ್ದು. ಅದೇ ಸಾಲಿನಲ್ಲಿ ಮುಂದೆ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿ ಇದೆ. ಅಲ್ಲಿ ಭೂಮಿ ಸೀಳಿದ ಜಾಗದಲ್ಲಿ, ಪುಡಿಯಾದ ಸುಣ್ಣದಕಲ್ಲು ಮತ್ತು ಗ್ರಾನೈಟಿನ ನಡುವೆ ಯುರೇನಿಯಂ ಅದಿರು ಸಿಕ್ಕಿ, ಭಾರತೀಯ ಯುರೇನಿಯಂ ನಿಗಮ ಶೋಧನಾ ಗಣಿ ತೋಡಿತು. ತಮ್ಮ ನೀರಿನ ಬಗ್ಗೆ ಗೋಗಿಯ ಜನರಿಗಿರುವ ಆತಂಕವನ್ನು ಗಣಿಯೊಂದಕ್ಕೇ ಕಟ್ಟಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಗಣಿಯ ಮಾತು ಹುಟ್ಟುವ ಮೊದಲೂ ಆ ಕಲ್ಲಿನೊಳಗಿನ ನೀರನ್ನೇ ಜನ ಕುಡಿಯುತ್ತಿದ್ದರು. ಸುಣ್ಣದಕಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೇರಳ. ಅದು ಯುರೇನಿಯಂ ಜೊತೆ ಬೆಸೆದುಕೊಂಡು ಅದನ್ನು ನೀರಿನಲ್ಲೇ ಕರಗಿಸಿಡುತ್ತದೆ. ಬೋರು ಆಳಕ್ಕೆ ಹೋದಷ್ಟೂ ಹಳೆಯ ನೀರು ಮೇಲೆ ಬರುತ್ತದೆ.

ಪೂರ್ವ ಕರ್ನಾಟಕದಲ್ಲೂ ಇದೇ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದವರು 73 ಹಳ್ಳಿಗಳ ಅಂತರ್ಜಲ ನೋಡಿದಾಗ 57ರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು, 48ರಲ್ಲಿ 60 ದಾಟಿತ್ತು. ಅಲ್ಲಿ ಯಾವ ಕಾರ್ಖಾನೆಯೂ ಬೇಕಾಗಲಿಲ್ಲ; ಗ್ರಾನೈಟು, ಸಾವಿರ ಅಡಿಯ ಬೋರು ಸಾಕಾದವು.

3. ನಾಲಿಗೆಯನ್ನೂ ಟಿಡಿಎಸ್ ಮೀಟರನ್ನೂ ನಂಬಿ ತೀರ್ಮಾನಿಸಬೇಡಿ. ಡೋಣಿ ಹೊಳೆಯ ದಂಡೆಯ ನೀರು ಬಾಯಿಗಿಟ್ಟರೆ ಉಪ್ಪು, ಮೀಟರು ಚುರುಕಾಗಿ ಏರುತ್ತದೆ. ಆದರೂ ಅದರಲ್ಲಿ ಯುರೇನಿಯಂ ಇಲ್ಲದಿರಬಹುದು. ಗ್ರಾನೈಟಿನ ಬೋರಿನ ಸಿಹಿನೀರಲ್ಲಿ ಇರಬಹುದು. ಲೀಟರಿಗೆ ನೂರು ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಹತ್ತನೇ ಒಂದು ಪಾಲು. ನೂರಾರು ಮಿಲಿಗ್ರಾಂ ಲವಣ ಅಳೆಯುವ ಮೀಟರಿಗೆ ಅದು ಕಾಣುವುದೇ ಇಲ್ಲ. ಪಂಚಾಯಿತಿಗೆ ಕೊಟ್ಟ ಪರೀಕ್ಷಾ ಕಿಟ್ಟಿನಲ್ಲೂ ಯುರೇನಿಯಂ ಪರೀಕ್ಷೆ ಇಲ್ಲ.

4. ಮಾದರಿ ಹಿಡಿಯುವುದರಲ್ಲೇ ಅರ್ಧ ಕೆಲಸ. ಮೋಟಾರು ಹಚ್ಚಿ, ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋಗುವವರೆಗೆ ಕಾಯಬೇಕು. ಅದೇ ನೀರಿನಿಂದ ಪ್ಲಾಸ್ಟಿಕ್ ಬಾಟಲಿ ತೊಳೆದು ತುಂಬಿ, ಶುದ್ಧ ನೈಟ್ರಿಕ್ ಆಮ್ಲದ ಹನಿ ಹಾಕಬೇಕು. ಇಲ್ಲವಾದರೆ ಯುರೇನಿಯಂ ಬಾಟಲಿಯ ಗೋಡೆಗೆ ಅಂಟಿ ವರದಿಯಲ್ಲಿ ಕಡಿಮೆ ಬರುತ್ತದೆ. ಪ್ರಯೋಗಾಲಯದಲ್ಲಿ ಮಾದರಿಗೆ ಫಾಸ್ಫೇಟ್ ದ್ರಾವಣ ಬೆರೆಸಿ ಫ್ಲೂರಿಮೀಟರಿನಲ್ಲಿ ಬೆಳಕು ಹಾಯಿಸುತ್ತಾರೆ. ಯುರೇನಿಯಂ ಇದ್ದರೆ ಹಸಿರಾಗಿ ಹೊಳೆಯುತ್ತದೆ. ಆ ಹೊಳಪನ್ನು ಯಂತ್ರ ಅಳೆಯುತ್ತದೆ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಿ. ಅಂಕಿ ಬದಲಾಗುತ್ತದೆ.

5. ವರದಿ ಓದುವಾಗ ಗಾಬರಿ ಬೇಡ. ಭಾರತೀಯ ಮಾನಕ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಯುರೇನಿಯಂಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಇಟ್ಟಿವೆ. ಅಣುಶಕ್ತಿ ನಿಯಂತ್ರಣ ಮಂಡಳಿಯದು 60. ನಾನು 30ನ್ನೇ ಹಿಡಿಯುತ್ತೇನೆ, ಏಕೆಂದರೆ ಇಲ್ಲಿ ಹೊಡೆತ ಬೀಳುವುದು ವಿಕಿರಣಕ್ಕಿಂತ ಮೊದಲು ಮೂತ್ರಪಿಂಡಕ್ಕೆ, ವಿಷಲೋಹವೆಂಬ ಕಾರಣಕ್ಕೆ. ಇನ್ನೊಂದು ಸಂಗತಿ ಹಲವರನ್ನು ಕಂಗೆಡಿಸುತ್ತದೆ. ಭಾರತೀಯ ಮಾನಕದಲ್ಲೇ ಒಟ್ಟು ಆಲ್ಫಾ ವಿಕಿರಣದ ಮಿತಿ ಲೀಟರಿಗೆ 0.1 ಬೆಕರೆಲ್. 30 ಮೈಕ್ರೋಗ್ರಾಂ ಯುರೇನಿಯಂ ಇದ್ದ ನೀರಲ್ಲಿ ಸುಮಾರು 0.75 ಬೆಕರೆಲ್ ಆಗುತ್ತದೆ. ಅಂದರೆ ಯುರೇನಿಯಂ ಮಿತಿಯಲ್ಲೇ ಇದ್ದರೂ ಆಲ್ಫಾ ಸಾಲಿನಲ್ಲಿ ಕೆಂಪು ಬೀಳಬಹುದು. ಆಗ ಬೋರಿಗೆ ಬೀಗ ಹಾಕುವ ಮುನ್ನ ಯುರೇನಿಯಂ, ರೇಡಿಯಂ ಎರಡನ್ನೂ ಬೇರೆಬೇರೆಯಾಗಿ ಅಳೆಸಬೇಕು.

6. ಯುರೇನಿಯಂ ಎಂದೊಡನೆ ಅಣುಸ್ಥಾವರದ ನೆನಪು ಬರುವುದು ಸಹಜ. ಕೈಗಾದಲ್ಲಿ 2009ರ ನವೆಂಬರಿನಲ್ಲಿ ನೌಕರರ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು, ಐವತ್ತಕ್ಕೂ ಹೆಚ್ಚು ಮಂದಿ ಅದನ್ನು ಕುಡಿದಿದ್ದರು. ಬಯಲಾದದ್ದು ಅವರ ಮೂತ್ರದ ವಾಡಿಕೆಯ ತಪಾಸಣೆಯಿಂದ. ಬಣ್ಣ, ರುಚಿ ಏನೂ ಬದಲಾಗಿರಲಿಲ್ಲ. ಅಂಥ ವಾಡಿಕೆ ನಮ್ಮ ಹಳ್ಳಿಯ ಬೋರಿಗಿಲ್ಲ ಎಂಬುದೇ ನನ್ನ ದೊಡ್ಡ ಕೊರಗು.

7. ಕುದಿಸಿದರೆ ಯುರೇನಿಯಂ ಹೋಗದು. ನೀರು ಆವಿಯಾದಷ್ಟು ಅದು ದಟ್ಟವಾಗುತ್ತದೆ. ಆರ್‌ಓ ಚೆನ್ನಾಗಿ ತೆಗೆಯುತ್ತದೆ, ಪೊರೆ ಸರಿಯಿದ್ದಷ್ಟು ಕಾಲ. ಹಳ್ಳಿಯ ಶುದ್ಧ ನೀರಿನ ಘಟಕದ ಹಿಂಬದಿಗೆ ಹೋಗಿ ನೋಡಿ: ಪೊರೆ ತಡೆದದ್ದೆಲ್ಲ ತುಂಬಿದ ತ್ಯಾಜ್ಯ ನೀರು ಸಣ್ಣ ಪೈಪಿನಿಂದ ಗಟಾರಕ್ಕೆ ಸುರಿಯುತ್ತಿರುತ್ತದೆ, ಪಕ್ಕದಲ್ಲೇ ಎಮ್ಮೆ ನಿಂತು ಕುಡಿಯುತ್ತಿರುತ್ತದೆ. ತಾಳಿಕೋಟೆ, ಮುದ್ದೇಬಿಹಾಳದ ಪಂಚಾಯಿತಿಗಳು ಆಳದ ಬೋರುಗಳನ್ನು ಹೆಸರಿಟ್ಟು ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಯುರೇನಿಯಂ ಪರೀಕ್ಷೆ ಮಾಡಿಸಬೇಕು. ಮಿತಿ ಮೀರಿದ ಕಡೆಗೆ ನದಿ ನೀರಿನ ಬಹುಗ್ರಾಮ ಯೋಜನೆಯ ಪೈಪು ಮೊದಲು ಎಳೆಯಬೇಕು. ಅಲ್ಲಿಯವರೆಗೆ ಹಸುಗೂಸಿನ ಹಾಲು ಕಲಸಲು, ಕಿಡ್ನಿ ತೊಂದರೆ ಇದ್ದವರಿಗೆ ಕೊಡಲು ಆ ಬೋರಿನ ನೀರು ಬೇಡ.