ಪ್ರೌಢಶಾಲೆಯಲ್ಲಿ ಸಂಗೀತಾಭ್ಯಾಸ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುಗಳ ಜನ್ಮಭೂಮಿಯೆಂದು ಪ್ರಸಿದ್ಧವಾಗಿದೆ. ಹರಿಹರನು ತನ್ನ ರಗಳೆಯಲ್ಲಿ ಹೇಳುವ ಕಥೆಗೂ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಹೇಳುವ ಕಥೆಗೂ ಬಹಳ ಅಂತರವುಂಟು. ಆದರೆ ಪ್ರಭುಗಳು ಮದ್ದಳೆಯನ್ನು ನುಡಿಸಬಲ್ಲವರಾಗಿದ್ದರೆಂಬಲ್ಲಿ ಇಬ್ಬರು ಕವಿಗಳಿಗೂ ಏಕಾಭಿಪ್ರಾಯ. ಶೂನ್ಯಸಿಂಹಾಸನವನ್ನೇರಿದ ಮಹಾಜ್ಞಾನಿಯ ಕೈಗೆ ಅದಕ್ಕೂ ಮೊದಲು ಸಿದ್ಧಿಸಿದ್ದ ವಿದ್ಯೆ ತಾಳವಿದ್ಯೆ! ಅದೇ ಊರಿನ ಕೋಡಿಯಮಠದ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನವನ್ನು ವರ್ಣಿಸುತ್ತದೆ. ಅನ್ನದಾನವನ್ನು ಹೇಳುವಾಗ ದೀನರು, ಅಂಧರು, ಬಧಿರರೊಡನೆ ಹಾಡುವವರನ್ನೂ ವಾದ್ಯ ನುಡಿಸುವವರನ್ನೂ ನರ್ತಕರನ್ನೂ ಹೆಸರಿಸುತ್ತದೆ.

ಇಂತಹ ನೆಲದ ಪ್ರೌಢಶಾಲೆಗಳಲ್ಲಿ ಇಂದು ಸಂಗೀತಕ್ಕಿರುವ ಸ್ಥಾನವೇನು? ಬೆಳಗಿನ ಪ್ರಾರ್ಥನೆ, ವಾರ್ಷಿಕೋತ್ಸವದ ಸ್ವಾಗತಗೀತೆ, ಬಹುಪಾಲು ಇಷ್ಟೇ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವೇಳಾಪಟ್ಟಿಯಲ್ಲಿ ವಿಜ್ಞಾನದ ದಿನವೇ ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳ ಹೆಸರೂ ಕಾಣಿಸಿಕೊಳ್ಳುವುದುಂಟು. ಆದರೆ ಅದು ದೃಷ್ಟಿದೋಷವೇ ಮೊದಲಾದ ಕಾರಣಗಳಿಂದ ಬದಲಿ ವಿಷಯವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗಾಗಿ ಮಾಡಿದ ವ್ಯವಸ್ಥೆ. ಕಣ್ಣುಳ್ಳ ಮಗುವಿಗೆ ಸಂಗೀತವು ಶಾಲೆಯ ಹೊರಗಿನ ವಸ್ತು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಸಂಗೀತಪರೀಕ್ಷೆಗಳು ಬೇರೆ ಇವೆ. ಅವುಗಳಿಗೆ ಖಾಸಗಿ ಗುರುವನ್ನು ಹುಡುಕಿಕೊಳ್ಳಬೇಕು. ಪೇಟೆಯ ಮಕ್ಕಳಿಗೆ ಅದು ಸಾಧ್ಯವಾದೀತು. ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರಲಾಗದ ಹಳ್ಳಿಯ ಬಾಲಕಿಯ ಪಾಡೇನು?

ಭಕ್ತಿಯಿದ್ದರೆ ಸಾಕು, ರಾಗತಾಳಗಳ ಗೊಡವೆ ಏಕೆಂದು ಕೆಲವರು ಆಕ್ಷೇಪಿಸುತ್ತಾರೆ. ತಾಳಮಾನವನ್ನು ತಾನರಿಯೆನೆಂಬ ಬಸವಣ್ಣನವರ ವಚನವನ್ನೇ ಅದಕ್ಕೆ ಆಧಾರವಾಗಿ ಒಡ್ಡುತ್ತಾರೆ. ಇದು ಅವಸರದ ಅರ್ಥ. ಅರಿಯೆನೆನ್ನುತ್ತಲೇ ಆ ವಚನವು ಶಾಸ್ತ್ರದ ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ಎಣಿಸುತ್ತದೆ. ಕೇಳಿ ಬಲ್ಲವರಿಗಲ್ಲದೆ ಆ ಹೆಸರುಗಳು ಬಾಯಿಗೆ ಬರಲಾರವು. ಶರೀರವನ್ನೇ ವೀಣೆಯಾಗಿ ಭಾವಿಸುವ ಇನ್ನೊಂದು ವಚನದಲ್ಲಿ ದಂಡಿಗೆ, ಸೋರೆ, ತಂತಿಗಳೂ ಮೂವತ್ತೆರಡು ರಾಗಗಳೂ ಬಂದಿವೆ. ಬಲ್ಲವನ ವಿನಯವು ಕಲಿಯದವನ ನೆಪವಾಗಬಾರದು. ವಿರಕ್ತರಾದ ನಿಜಗುಣ ಶಿವಯೋಗಿಗಳು ಸಹ ತಮ್ಮ ವಿವೇಕಚಿಂತಾಮಣಿಯಲ್ಲಿ ಸಂಗೀತಶಾಸ್ತ್ರಕ್ಕೆ ಎಡೆಗೊಟ್ಟಿದ್ದಾರೆ.

ಪ್ರೌಢಶಾಲೆಯ ವಯಸ್ಸಿಗೆ ಅದರದೇ ಆದ ತೊಡಕೊಂದಿದೆ. ಅದನ್ನು ವಿಚಾರಿಸುವವರು ವಿರಳ. ಹದಿಮೂರು ಹದಿನಾಲ್ಕರ ಸುಮಾರಿಗೆ ಬಾಲಕನ ಕಂಠ ಒಡೆಯುತ್ತದೆ. ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ನೀಳವಾಗಿ, ಕಂಠವು ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನಿನ್ನೆಯವರೆಗೆ ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದ ಹುಡುಗ ಇಂದು ಬಾಯಿ ತೆರೆದರೆ ಸ್ವರ ಜಾರುತ್ತದೆ, ಸಹಪಾಠಿಗಳು ನಗುತ್ತಾರೆ. ಅವನು ಹಿಂದಿನ ಸಾಲಿಗೆ ಸರಿಯುತ್ತಾನೆ; ಅಲ್ಲಿಂದ ಮುಂದಕ್ಕೆ ಬರುವುದೇ ಇಲ್ಲ. ತಿಳಿದ ಗುರುವಿದ್ದರೆ ಶ್ರುತಿಯನ್ನು ಇಳಿಸುವನು, ತಾರಸ್ಥಾಯಿಯ ಗೋಜಿಗೆ ಹೋಗಗೊಡನು, ಆ ಒಂದೆರಡು ವರ್ಷ ಹುಡುಗನ ಕೈಗೆ ತಬಲಾವನ್ನೋ ಹಾರ್ಮೋನಿಯಂ ಅನ್ನೋ ಕೊಡುವನು. ಕಂಠವು ಮೌನದಲ್ಲಿದ್ದರೂ ಲಯವು ಬೆಳೆಯುತ್ತಿರುತ್ತದೆ. ಪ್ರಭುಗಳ ಮದ್ದಳೆ ಇಲ್ಲಿ ಮತ್ತೆ ನೆನಪಾಗುತ್ತದೆ.

ಪಾಠಕ್ಕೆ ಸಾಮಗ್ರಿ ಎಲ್ಲಿಯದೆಂದು ಕೇಳಬೇಕಾಗಿಲ್ಲ, ವಚನಗಳೇ ಇವೆ. ವಚನಕ್ಕೆ ಕಂದ ಷಟ್ಪದಿಗಳಂತೆ ನಿಯತವಾದ ಛಂದಸ್ಸಿಲ್ಲ. ಆದಕಾರಣ ಅದನ್ನು ಎಂಟು ಮಾತ್ರೆಗಳ ಕೆಹರ್ವಾಕ್ಕಾಗಲಿ ಹದಿನಾರು ಮಾತ್ರೆಗಳ ತೀನ್‌ತಾಲಕ್ಕಾಗಲಿ ಅಳವಡಿಸುವಾಗ, ಯಾವ ಪದವನ್ನು ಎಳೆಯಬೇಕು, ಎಲ್ಲಿ ಉಸಿರು ತೆಗೆಯಬೇಕು, ಸಮ್ ಯಾವ ಅಕ್ಷರದ ಮೇಲೆ ಬೀಳಬೇಕು ಎಂಬುದನ್ನು ಹಾಡುವವನೇ ನಿರ್ಣಯಿಸಬೇಕಾಗುತ್ತದೆ. ಕರ್ತೃಪದವನ್ನು ಕ್ರಿಯಾಪದದಿಂದ ಅಸ್ಥಾನದಲ್ಲಿ ಅಗಲಿಸಿದರೆ ಅರ್ಥ ಕೆಡುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅನ್ವಯಪಾಠ ಬೇರೆ ಯಾವುದು? ಮಲ್ಲಿಕಾರ್ಜುನ ಮನ್ಸೂರ್ ಮತ್ತು ಬಸವರಾಜ ರಾಜಗುರು ಇವರ ವಚನಗಾಯನದ ಧ್ವನಿಮುದ್ರಿಕೆಗಳನ್ನು ತರಗತಿಯಲ್ಲಿ ಕೇಳಿಸಿ, ವಚನದ ಪಾಠವನ್ನು ಕೈಯಲ್ಲಿ ಹಿಡಿದು ಉಸಿರಿನ ಸ್ಥಾನಗಳನ್ನು ಗುರುತಿಸಲು ಹೇಳಿದರೆ ಮಕ್ಕಳೇ ಕಂಡುಕೊಳ್ಳುತ್ತಾರೆ.

ಸೊರಬದ ನೆರೆಯ ಹಾನಗಲ್ಲು ಸೀಮೆಯ ದೃಷ್ಟಾಂತವೊಂದು ಇಲ್ಲಿ ಸ್ಮರಣೀಯ. ಆ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧಬಾಲಕನೊಬ್ಬನ ಕಂಠವನ್ನು ಹಾನಗಲ್ಲ ಕುಮಾರಸ್ವಾಮಿಗಳು ಮೆಚ್ಚಿ, ಆಶ್ರಯವಿತ್ತು, ಕರ್ನಾಟಕ ಹಿಂದೂಸ್ತಾನಿ ಉಭಯ ಪದ್ಧತಿಗಳಲ್ಲಿಯೂ ಶಿಕ್ಷಣ ಕೊಡಿಸಿದರು. ಅವರೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು (1914–2010) ಅವರ ಶಿಷ್ಯರು. ಮೇಲೆ ಹೇಳಿದ ರಾಜಗುರುಗಳೂ ಅವರ ಶಿಷ್ಯರೇ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಳ್ಳುವ ಮುನ್ನ ಗವಾಯಿಗಳ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಶಿಷ್ಯರೊಡನೆ ಊರೂರು ಸಂಚರಿಸುತ್ತಲೇ ಪಾಠ ನಡೆಯಿತು.

ಪ್ರತಿ ಶಾಲೆಗೂ ಸಂಗೀತಶಿಕ್ಷಕನನ್ನು ನೇಮಿಸಲು ಹಣವಿಲ್ಲವೆಂಬ ಮಾತಿಗೆ ಈ ಸಂಚಾರಿ ಪಾಠಶಾಲೆಯಲ್ಲಿಯೇ ಒಂದು ಉಪಾಯ ದೊರೆಯುತ್ತದೆ. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಈ ನಾಲ್ಕು ಊರುಗಳಿಗೆ ಒಬ್ಬನೇ ಗುರು ವಾರಕ್ಕೊಂದು ದಿನದಂತೆ ಬರಬಹುದು. ಪಾಠವು ಶಾಲೆಯ ವೇಳೆಯಲ್ಲಿಯೇ, ಕೊನೆಯ ಬಸ್ಸಿಗೆ ಮುಂಚೆಯೇ ಮುಗಿಯಬೇಕು. ಶಾಲೆಯಲ್ಲಿ ಒಂದು ತಂಬೂರಿ, ಒಂದು ಜೊತೆ ತಬಲಾ ಇದ್ದರೆ ಆರಂಭಕ್ಕೆ ಸಾಕು. ಆಯ್ಕೆಗೆಂದು ಹಾಡಿಸಿ ನೋಡಿ ಕಂಠವಿಲ್ಲದವರನ್ನು ಹಿಂದಕ್ಕೆ ಕಳುಹಿಸುವ ಪದ್ಧತಿ ಮಾತ್ರ ಬೇಡ. ಮೊದಲ ವರ್ಷ ಎಲ್ಲರೂ ಕೈಯಲ್ಲಿ ತಾಳ ಹಾಕಲಿ.