ಸೋಯಾ ಅವರೆ: ಮನೆಯವರಿಗೂ ಮನೆ ಕಾಯುವ ನಾಯಿಗೂ ಪುಷ್ಟಿಯ ಕಾಳು

1. ಪೀಠಿಕೆ

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳ ಎರೆಭೂಮಿಯಲ್ಲಿ ಮುಂಗಾರಿನ ಮುಖ್ಯ ಬೆಳೆಗಳಲ್ಲಿ ಸೋಯಾ ಅವರೆಯೂ ಒಂದು. ಕಣದಲ್ಲಿ ಒಕ್ಕಿದ ಕಾಳು ಚೀಲ ತುಂಬಿ ಪೇಟೆಗೂ, ಅಲ್ಲಿಂದ ಎಣ್ಣೆಯ ಕಾರ್ಖಾನೆಗೂ ಹೋಗುವುದೇ ವಾಡಿಕೆಯಾಗಿದೆ. ಬೆಳೆದವನ ಅಡಿಗೆಮನೆಗೆ ಒಂದು ಸೇರು ಕಾಳೂ ಬಾರದಿರುವುದುಂಟು. ಅದೇ ರೈತನು ಹಬ್ಬ ಕಳೆದ ಮೇಲೆ ತೊಗರಿಬೇಳೆಯನ್ನು ಕ್ರಯಕ್ಕೆ ತಂದು, ಧಾರಣೆ ಏರಿದಂತೆಲ್ಲ ಸಾರನ್ನು ತೆಳುಮಾಡುತ್ತ ಹೋಗುವನು. ಮಕ್ಕಳ ಮೈಗೂ ಕೂಲಿಯಾಳಿನ ತೋಳಿಗೂ ಬೇಕಾದ ಸತ್ವವು ಹೀಗೆ ತನ್ನ ಹೊಲದಿಂದಲೇ ಹೊರಟುಹೋಗುವುದನ್ನು ತಡೆಯುವ ಬಗೆಯನ್ನು ಈ ಕರಪತ್ರದಲ್ಲಿ ವಿವರಿಸಿದೆ.

2. ಕಾಳಿನ ಗುಣ

ಈ ಕಾಳು ಮೊದಲು ಚೀನಾ ದೇಶದ್ದು. ಅಲ್ಲಿಯ ಜನರು ಸಹಸ್ರಾರು ವರ್ಷಗಳಿಂದ ಇದನ್ನು ಆಹಾರವಾಗಿ ಬಳಸುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿ ಮಹಾತ್ಮಾ ಗಾಂಧಿಯವರು 1935ರಲ್ಲಿ ‘ಹರಿಜನ’ ಪತ್ರಿಕೆಯ ಮೂಲಕ ಇದರ ಕಡೆಗೆ ಜನರ ಗಮನವನ್ನು ಸೆಳೆದರು.

ಒಣಗಿದ ಸೋಯಾ ಕಾಳಿನಲ್ಲಿ ನೂರಕ್ಕೆ ಸುಮಾರು 40 ಪಾಲು ಸಸಾರಜನಕ, ಅಂದರೆ ಪ್ರೋಟೀನು, ಉಂಟು. ಎಣ್ಣೆಯ ಅಂಶ ಸುಮಾರು 20 ಪಾಲು. ತೊಗರಿ, ಕಡಲೆ ಮೊದಲಾದ ಕಾಳುಗಳಲ್ಲಿ ಸಸಾರಜನಕವು 20ರಿಂದ 22 ಪಾಲಿನಷ್ಟು ಮಾತ್ರ. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವು ಸೋಯಾದಲ್ಲಿ ಹೇರಳವಾಗಿದೆ. ಸೋಯಾದಲ್ಲಿ ಕಡಿಮೆಯಾಗಿರುವ ಮಿಥಿಯೊನಿನ್ ಎಂಬುದನ್ನು ಧಾನ್ಯಗಳು ಒದಗಿಸುವುವು. ಆದಕಾರಣ ರೊಟ್ಟಿಯೂ ಈ ಕಾಳೂ ಒಂದೇ ಊಟದಲ್ಲಿ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು.

3. ಹಸಿ ಕಾಳಿನ ದೋಷ

ಇಷ್ಟು ಗುಣವುಳ್ಳ ಕಾಳನ್ನು ಹಸಿಯಾಗಿ ತಿನ್ನಕೂಡದು. ತಿಂದ ಸಸಾರಜನಕವನ್ನು ಅರಗಗೊಡದ ಒಂದು ವಸ್ತುವು ಹಸಿ ಸೋಯಾದಲ್ಲಿ ಇದೆ. 1917ರಲ್ಲಿ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಈ ಕಾಳನ್ನು ತಿನ್ನಿಸಿ ಪರೀಕ್ಷಿಸಿದಾಗ, ಹಸಿ ಕಾಳನ್ನು ತಿಂದ ಇಲಿಗಳು ಸರಿಯಾಗಿ ಬೆಳೆಯಲಿಲ್ಲ. ಬೇಯಿಸಿದ ಕಾಳನ್ನು ತಿಂದವು ಚೆನ್ನಾಗಿ ಬೆಳೆದವು. ಆ ದೋಷಕಾರಿ ವಸ್ತುವನ್ನು ಕುನಿಟ್ಜ್ ಎಂಬ ವಿಜ್ಞಾನಿಯು 1945ರಲ್ಲಿ ಹರಳಿನ ರೂಪದಲ್ಲಿ ಬೇರ್ಪಡಿಸಿದನು. ನೀರಿನೊಡನೆ ಚೆನ್ನಾಗಿ ಕುದಿಸಿದರೆ ಅದರ ಶಕ್ತಿಯು ಬಹುಮಟ್ಟಿಗೆ ಕುಂದುವುದು. ಬರಿಯ ಹಂಚಿನ ಮೇಲೆ ಅರೆಬರೆ ಹುರಿದರೆ ಸಾಲದು. “ಸೋಯಾ ಹೊಟ್ಟೆಗೆ ಒಗ್ಗದು” ಎಂದು ಅನೇಕರು ದೂರುವುದಕ್ಕೆ ಕಾಳು ಸರಿಯಾಗಿ ಬೇಯದಿರುವುದೂ ಒಂದು ಕಾರಣ.

4. ಬೇಸಾಯದಲ್ಲಿ ನೋಡತಕ್ಕ ಅಂಶಗಳು

(ಅ) ಬೀಜ: ಸೋಯಾ ಬೀಜದ ಸಿಪ್ಪೆ ಬಹಳ ತೆಳುವು. ಚೀಲವನ್ನು ಎತ್ತಿ ಒಗೆದರೂ, ಕಣದಲ್ಲಿ ಬಲವಾಗಿ ಬಡಿದರೂ ಮೊಳೆಯುವ ಶಕ್ತಿ ಕುಂದುವುದು. ಬಿತ್ತುವ ಮೊದಲು 100 ಕಾಳನ್ನು ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿಟ್ಟು ನೋಡತಕ್ಕದ್ದು. 70ಕ್ಕೆ ಕಡಮೆ ಮೊಳೆತರೆ ಅದನ್ನು ಬಿತ್ತನೆಗೆ ಬಳಸಬಾರದು.

(ಆ) ತಳಿ: ಜೆ.ಎಸ್. 335 ಬಹುಕಾಲದಿಂದ ಪ್ರಚಾರದಲ್ಲಿರುವ ತಳಿ. ಆದರೆ ಅದಕ್ಕೆ ತುಕ್ಕುರೋಗದ ಬಾಧೆ ಹೆಚ್ಚು. ರೋಗ ಕಾಣುವ ಸೀಮೆಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿ.ಎಸ್.ಬಿ. 21 ತಳಿಯು ಮೇಲು.

(ಇ) ಬಿತ್ತನೆ: ಜೂನ್ ತಿಂಗಳಲ್ಲಿ ಹದವಾದ ಮಳೆ ಬಿದ್ದ ಮೇಲೆ, ಎಕರೆಗೆ ಸುಮಾರು 25 ಕಿಲೋ ಬೀಜವನ್ನು ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರದಲ್ಲಿ ಕೂರಿಗೆಯಿಂದ ಬಿತ್ತತಕ್ಕದ್ದು. ಬೀಜವು 3-4 ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಬೇಕು.

(ಈ) ಬೇರಿನ ಗಂಟು: ಈ ಗಿಡದ ಬೇರಿನ ಗಂಟುಗಳಲ್ಲಿ ವಾಸಿಸುವ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುವು. ಸೋಯಾ ಬೆಳೆಯದಿದ್ದ ಹೊಲದಲ್ಲಿ ಇವು ಸಾಮಾನ್ಯವಾಗಿ ಸಾಲದಿರುವುದರಿಂದ, ಸೋಯಾಕ್ಕೆಂದೇ ತಯಾರಿಸಿದ ರೈಜೋಬಿಯಂ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವುದು ಲಾಭಕರ. ಆದರೆ ಹಿಡಿದ ಸಾರಜನಕದ ಹೆಚ್ಚು ಭಾಗ ಕಾಳಿನೊಡನೆ ಹೊರಟುಹೋಗುವುದು. ಉದುರಿದ ಎಲೆಯನ್ನೂ ಹೊಟ್ಟನ್ನೂ ಸುಡದೆ ತಿಪ್ಪೆಗೂ ಹೊಲಕ್ಕೂ ಹಿಂದಿರುಗಿಸಿದರೆ ಮಾತ್ರ ಭೂಮಿಯ ಸತ್ವ ಉಳಿಯುವುದು.

5. ಮನೆಗೆ ಇಡತಕ್ಕ ಪಾಲು

ಎಕರೆಗೆ 4 ಕ್ವಿಂಟಾಲ್ ಮಾತ್ರ ಫಸಲು ಬಂದರೂ, 50 ಕಿಲೋ ಎಂಬುದು ಅದರ ಎಂಟನೆಯ ಒಂದು ಪಾಲು. ಅಷ್ಟನ್ನು ಮನೆಗೆ ಇಟ್ಟುಕೊಂಡರೆ ವರ್ಷವಿಡೀ ದಿನಕ್ಕೆ 137 ಗ್ರಾಂ ಕಾಳು ದೊರೆಯುವುದು. ಐವರ ಸಂಸಾರದಲ್ಲಿ ಪ್ರತಿಯೊಬ್ಬರಿಗೂ ಇದರಿಂದ ಸುಮಾರು 11 ಗ್ರಾಂ ಸಸಾರಜನಕ ಸಲ್ಲುವುದು. 55 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು 46 ಗ್ರಾಂ ಆದುದರಿಂದ, ಅವರ ಅಗತ್ಯದ ಕಾಲುಭಾಗದಷ್ಟು ಒಂದು ಚೀಲದಿಂದಲೇ ಪೂರೈಸಿದಂತಾಯಿತು.

ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿನಿಂದ ಹಿಸುಕಿದರೆ ಮೆದುವಾಗುವ ತನಕ ಬೇಯಿಸತಕ್ಕದ್ದು. ಹೀಗೆ ಬೆಂದ ಕಾಳನ್ನು ಉಸಳಿಗೂ, ಹುಳಿಗೂ, ಪಲ್ಯಕ್ಕೂ ಹಾಕಬಹುದು. ಹಿಟ್ಟು ಬೇಕಾದವರು ಅರ್ಧ ಗಂಟೆ ಕುದಿಸಿದ ಕಾಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಬೀಸಿಸಿಕೊಳ್ಳಬಹುದು. ಒಂಬತ್ತು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಸೋಯಾ ಹಿಟ್ಟನ್ನು ಬೆರೆಸಿದರೆ, ನೂರಕ್ಕೆ 10ರಷ್ಟಿದ್ದ ಸಸಾರಜನಕವು 13ಕ್ಕೆ ಏರುವುದು. ರೊಟ್ಟಿಯ ರುಚಿಯೂ ಕೆಡದು. ಈ ಹಿಟ್ಟು ಎಣ್ಣೆಯ ಅಂಶದಿಂದ ಬೇಗನೆ ಕಮಟುವುದಾದ್ದರಿಂದ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುವುದು ಮೇಲು. ಕೆಲವರ ಮೈಗೆ ಸೋಯಾ ಒಗ್ಗುವುದಿಲ್ಲ. ಗಂದೆ, ಉಬ್ಬಸ ಕಂಡರೆ ತಿನ್ನುವುದನ್ನು ಬಿಟ್ಟು ವೈದ್ಯರಿಗೆ ತೋರಿಸತಕ್ಕದ್ದು. ಎಳೆಯ ಕೂಸಿಗೆ ತಾಯಿಯ ಹಾಲಿಗೆ ಬದಲಾಗಿ ಸೋಯಾ ಹಾಲನ್ನು ಕೊಡಬಾರದು.

6. ಕಾವಲುನಾಯಿಯ ಆಹಾರ

ಹೊಲ, ಕಣ, ಕುರಿಹಟ್ಟಿಗಳನ್ನು ಕಾಯುವ ನಾಯಿಗೆ ಮನೆಯಲ್ಲಿ ಉಳಿದ ರೊಟ್ಟಿ, ಗಂಜಿಗಳೇ ಆಹಾರವಾಗಿರುವುದು ಸಾಮಾನ್ಯ. ಮನುಷ್ಯನ ಸಂಗಡ ಬಾಳಿ ಬಂದ ನಾಯಿಯು ಧಾನ್ಯವನ್ನು ಅರಗಿಸಿಕೊಳ್ಳಬಲ್ಲದು. ಆದರೆ ಬರಿಯ ಗಂಜಿಯಿಂದ ಅದರ ಮಾಂಸಖಂಡವು ಬಲಿಯದು. ಹಸಿದ ನಾಯಿಯು ಕಾವಲು ಬಿಟ್ಟು ತಿಪ್ಪೆಗಳನ್ನು ಅರಸಿ ಹೋಗುವುದು.

20 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ 30 ಗ್ರಾಮಿಗೆ ಕಡಮೆಯಿಲ್ಲದಷ್ಟು ಸಸಾರಜನಕ ಬೇಕು. 100 ಗ್ರಾಂ ಬೆಂದ ಸೋಯಾ ಕಾಳಿನಲ್ಲಿ ಸುಮಾರು 17 ಗ್ರಾಂ ಇರುವುದರಿಂದ ಅರ್ಧಭಾಗ ಅದರಿಂದಲೇ ಒದಗುವುದು. ಉಳಿದುದನ್ನು ರೊಟ್ಟಿ, ಮಜ್ಜಿಗೆ, ಮೊಟ್ಟೆ ಅಥವಾ ಮಾಂಸದ ತುಣುಕುಗಳಿಂದ ಪೂರೈಸತಕ್ಕದ್ದು. ಬಿ12 ಎಂಬ ಜೀವಸತ್ವವು ಕಾಳಿನಲ್ಲಿ ಇಲ್ಲವಾದ್ದರಿಂದ ಸೋಯಾ ಒಂದನ್ನೇ ನೆಚ್ಚಬಾರದು. ಮರಿಗಳಿಗೂ, ಮರಿ ಹಾಕಿದ ನಾಯಿಗೂ ಹಾಲು ಮೊಟ್ಟೆಗಳು ಅವಶ್ಯ.

ನಾಯಿಯ ಪಾಲನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಟ್ಟು, ಚೆನ್ನಾಗಿ ಹಿಸುಕಿ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುವುವಾದ್ದರಿಂದ ಮಸಾಲೆಯ ಹುಳಿಯನ್ನು ಹಾಕಕೂಡದು. ಮೊದಲ ದಿನಗಳಲ್ಲಿ ಒಂದು ಹಿಡಿಯಷ್ಟೇ ಕೊಟ್ಟು, ಹೊಟ್ಟೆ ಉಬ್ಬರ, ಭೇದಿ ಇಲ್ಲದಿರುವುದನ್ನು ನೋಡಿ ಹೆಚ್ಚಿಸತಕ್ಕದ್ದು. ಬೆಕ್ಕಿನ ವಿಷಯ ಬೇರೆ. ಅದಕ್ಕೆ ಮಾಂಸಾಹಾರವಿಲ್ಲದೆ ನಡೆಯದು.

7. ಮುಖ್ಯ ಎಚ್ಚರಿಕೆ

ಬಿತ್ತನೆಗೆಂದು ಔಷಧ ಲೇಪಿಸಿದ ಬೀಜವು ಉಳಿದರೆ ಅದನ್ನು ಎಷ್ಟು ತೊಳೆದರೂ ಮನುಷ್ಯರಾಗಲಿ, ನಾಯಿ, ಕೋಳಿ, ದನಗಳಾಗಲಿ ತಿನ್ನಕೂಡದು. ಊಟದ ಕಾಳನ್ನೂ ಬಿತ್ತನೆಯ ಬೀಜವನ್ನೂ ಬೇರೆ ಬೇರೆ ಕೋಣೆಗಳಲ್ಲಿ, ಗುರುತು ಹಾಕಿದ ಚೀಲಗಳಲ್ಲಿ ಇಡತಕ್ಕದ್ದು.

8. ಗ್ರಾಮ ಮುಖಂಡರ ಕರ್ತವ್ಯ

ಹೊಸ ಆಹಾರವು ಹೇಳಿಕೆಯಿಂದ ಹಬ್ಬುವುದಿಲ್ಲ. ಉಂಡು ನೋಡಿದವರಿಂದ ಹಬ್ಬುವುದು. ಆದುದರಿಂದ ಸುಗ್ಗಿಯಾದ ಕೂಡಲೇ ಹತ್ತು ಜನ ಹಿಡುವಳಿದಾರರು ತಲಾ ಒಂದು ಚೀಲವನ್ನು ಮಾರದೆ ಉಳಿಸುವಂತೆ ಮುಖಂಡರು ಏರ್ಪಡಿಸಬೇಕು. ಊರಿನ ಅಡಿಗೆ ಬಲ್ಲ ಹೆಂಗಸರ ಕೈಯಲ್ಲಿ ಒಂದು ದಿನ ಎಲ್ಲರೆದುರಿಗೆ ಕಾಳನ್ನು ಬೇಯಿಸಿಸಿ ಹಂಚಿಸಬೇಕು. ಭೂಮಿಯಿಲ್ಲದ ಕೂಲಿಯವರಿಗೂ ಸುಗ್ಗಿಯ ಧಾರಣೆಯಲ್ಲಿಯೇ ಈ ಕಾಳು ದೊರೆಯುವಂತೆ ನೋಡಿಕೊಳ್ಳುವುದು ಯುಕ್ತ. ಪೇಟೆಗೆ ಹೋಗುವ ಏಳು ಚೀಲಗಳಿಂದ ಮನೆಗೆ ಹಣ ಬರುವುದು. ಮನೆಯಲ್ಲಿ ಉಳಿದ ಎಂಟನೆಯ ಚೀಲದಿಂದ ಆ ಹಣವನ್ನು ದುಡಿಯುವ ಮೈಗೆ ಬಲ ಬರುವುದು.