ಚಾಕು ಎತ್ತುವ ಮುನ್ನ ಕೆರಾಟಿಡ್ ನೆನಪಿರಲಿ

ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೊಸದಾಗಿ ಬಂದ ವೈದ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ಧಮನಿ ಕೆಲವರಲ್ಲಿ ದಾರಿ ತಪ್ಪಿರುತ್ತದೆ. ಅದು ಓಪಿಡಿಯಲ್ಲೇ ಗೊತ್ತಾಗಬೇಕು.

1. ಗಂಟಲಿನ ಹಿಂಗೋಡೆ ಒಂದು ಪಕ್ಕ ಉಬ್ಬಿದ್ದರೆ, ನಾಲಿಗೆ ಒತ್ತಿಹಿಡಿದು ಸ್ವಲ್ಪ ಹೊತ್ತು ನೋಡುತ್ತಲೇ ಇರಿ. ಉಬ್ಬು ನಾಡಿಯ ಜೊತೆ ಮಿಡಿಯುತ್ತಿದೆಯೇ? ಡೊಂಕಾದ ಕೆರಾಟಿಡ್ ನಡುವಿಗೆ ಸರಿದಿರಬಹುದು, ವಯಸ್ಸಾದವರಲ್ಲಂತೂ ಹೆಚ್ಚು. ಕೀವಿನ ಬಾವೆಂದು ಸೂಜಿ ಚುಚ್ಚಬೇಡಿ.

2. ವಯಸ್ಕರಲ್ಲಿ ಟಾನ್ಸಿಲ್‌ಗೂ ಒಳ ಕೆರಾಟಿಡ್‌ಗೂ ಸುಮಾರು 2.5 ಸೆಂ.ಮೀ. ಅಂತರ. ಎಲ್ಲರಲ್ಲೂ ಅಷ್ಟೇ ಇರುತ್ತದೆಂದು ನಂಬಬೇಡಿ. 22ನೇ ಕ್ರೋಮೋಸೋಮಿನ ತುಣುಕೊಂದು ಇಲ್ಲದೆ ಹುಟ್ಟಿದ, ಮೂಗಿನಲ್ಲಿ ಮಾತಾಡುವ ಮಕ್ಕಳಲ್ಲಿ ಧಮನಿ ನಡುವಿಗೆ ಬಂದಿರುವುದು ಅಪರೂಪವಲ್ಲ. ಅವರ ಮಾತು ಸರಿಪಡಿಸಲು ಶಸ್ತ್ರಚಿಕಿತ್ಸೆ ಮಾಡುವುದೂ ಅದೇ ಜಾಗದಲ್ಲಿ.

3. "ಕಿವಿಯೊಳಗೆ ಎದೆ ಬಡಿದ ಹಾಗೆ ಕೇಳ್ಸತ್ತೆ ಡಾಕ್ಟ್ರೇ" ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ತಮಟೆಯ ಹಿಂದೆ, ಮುಂಭಾಗದ ಕೆಳಗಡೆ ಕೆಂಪಗೆ ಕಂಡರೆ ಗ್ಲೋಮಸ್ ಗಡ್ಡೆ ಇರಬಹುದು, ನಡುಗಿವಿಗೆ ನುಗ್ಗಿದ ಕೆರಾಟಿಡ್ಡೇ ಇರಬಹುದು. ಕಣ್ಣಿಗೆ ಎರಡೂ ಒಂದೇ. ತಮಟೆ ಸೀಳುವುದಾಗಲಿ ಬಯಾಪ್ಸಿಯಾಗಲಿ ಬೇಡವೇ ಬೇಡ, ಒಂದು ಚುಚ್ಚಿಗೆ ರಕ್ತ ಚಿಮ್ಮೀತು, ಲಕ್ವ ಹೊಡೆದೀತು. ಕಿವಿಮೂಳೆಯ ಸಿಟಿ ಸ್ಕ್ಯಾನ್ ಮಾಡಿಸಿ. ನಡುಗಿವಿಗೂ ಧಮನಿಗೂ ನಡುವಿನ ತೆಳು ಮೂಳೆ ಅಲ್ಲಿ ಕಾಣದಿದ್ದರೆ ಉತ್ತರ ಸಿಕ್ಕಂತೆಯೇ.

4. ದವಡೆಯ ಕೆಳಗಿನ ಗಂಟು ಅತ್ತಿತ್ತ ಸರಿದು ಮೇಲೆ ಕೆಳಗೆ ಸರಿಯದಿದ್ದರೆ ಕೆರಾಟಿಡ್ ಬಾಡಿ ಗಡ್ಡೆಯ ಗುಮಾನಿ ಇರಲಿ. ಮೊದಲು ಡಾಪ್ಲರ್. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ಗಂಟಿತ್ತೇ ಎಂದು ಕೇಳಿ, ಇದು ವಂಶದಲ್ಲಿ ಬರುವುದುಂಟು.

5. ಸ್ಫೀನಾಯ್ಡ್ ಸೈನಸ್ಸಿನ ಒಳಗೋಡೆ ಕೆರಾಟಿಡ್ ಮೇಲಿನ ಮೂಳೆಗೇ ಅಂಟಿರಬಹುದು. ತಿರುಚಿ ಕೀಳಬೇಡಿ, ಕತ್ತರಿಸಿ ತೆಗೆಯಿರಿ.

6. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಬಾಯಿಂದ ರಕ್ತ ಬಂದು ತಾನಾಗಿ ನಿಂತಿತೇ? ಮನೆಗೆ ಕಳಿಸಬೇಡಿ. ಕೆರಾಟಿಡ್ ಒಡೆಯುವ ಮುನ್ನ ಹೀಗೇ ಆಗುವುದುಂಟು.

7. ಕಂಡದ್ದನ್ನು ಕೇಸ್ ಶೀಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ, ರೋಗಿಯ ಕೈಗೂ ಚೀಟಿ ಕೊಡಿ. ನಾಳೆ ಇನ್ನೊಂದು ಊರಲ್ಲಿ ಅವರ ಮೂಗಿನಿಂದ ನಳಿಕೆ ಇಳಿಸುವ ಅರಿವಳಿಕೆ ವೈದ್ಯರಿಗೂ ಅದು ತಿಳಿಯಬೇಕು.